ಹಿಂಚಕ್ರದ ಕೊರಡು

ಹಳೆಯ ಜೀಪೇ ಸಾಕು ಎಂದವಳು ನಾನು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಅದನ್ನು ನನ್ನ ಮಗನ ತಲೆಗೆ ಕಟ್ಟಬಾರದು.

ಕಂಪಲಾಪುರದ ಹತ್ತಿರದ ನಮ್ಮ ಹಳ್ಳಿಯಿಂದ ಕೊಡಗಿನ ಕಾಫಿ ತೋಟಕ್ಕೆ ಹೆಣ್ಣಾಳು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹನ್ನೆರಡು ಜನ ಹೆಂಗಸರು. ಬೆಳಗ್ಗೆ ಅರಳಿಕಟ್ಟೆಯಲ್ಲಿ ಎಷ್ಟು ಜನರನ್ನು ಹತ್ತಿಸಿಕೊಂಡೆನೋ ಸಂಜೆ ಅಷ್ಟೂ ಜನರನ್ನು ಅಲ್ಲೇ ಇಳಿಸಬೇಕು. ಮಗ ಓಡಿಸುತ್ತಾನೆ. ನಾನು ಹಿಂದೆ, ಬಾಗಿಲ ಪಕ್ಕದಲ್ಲಿ, ಕಾಲಡಿ ಒಂದು ಹುಣಸೆ ಕೊರಡು ಇಟ್ಟುಕೊಂಡು ಕೂರುತ್ತೇನೆ. ತೋಟದೊಳಗಿನ ದಾರಿ ಡಾಂಬರು ಕಂಡಿದ್ದಲ್ಲ. ಕೆಂಪು ಮಣ್ಣಿನ ಏರು, ಒಂದು ಪಕ್ಕಕ್ಕೆ ಕಡಿದಾದ ಇಳಿಜಾರು, ಅದರ ಬುಡದಲ್ಲಿ ತೋಟದವರ ಕೆರೆ. ಏರಿನಲ್ಲಿ ಜೀಪು ಕೆಮ್ಮಿ ನಿಂತರೆ ಹಿಂದೆ ಕೂತವರು ಧುಮುಕಿ ಹಿಂಚಕ್ರಕ್ಕೆ ಕೊರಡು ಕೊಡಬೇಕು. ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು.

ಆ ವರ್ಷ ಕಾಫಿ ಹಣ್ಣು ಕೊಯ್ಯಲು ಒಂದು ವಾರ ಇರುವಾಗ ನಮ್ಮ ಜೀಪಿನ ಅಡಿಯ ಚಾಸಿ ತುಕ್ಕು ಹಿಡಿದು ಮುರಿಯಿತು. ತೋಟದ ಲೆಕ್ಕ ನೋಡುವ ರೈಟರು ಫೋನಿನಲ್ಲೇ ಗುಡುಗಿದರು.

“ಸೋಮವಾರ ನಿಮ್ಮ ಜನ ಬರಲಿಲ್ಲ ಅಂದ್ರೆ ಬೇರೆ ಗ್ಯಾಂಗ್ ಕರೀತೀನಿ. ಆಮೇಲೆ ನನ್ನ ಬಯ್ಕೋಬೇಡಿ.”

ಮಗ ಹೊಸ ಗಾಡಿಯ ಜಪ ಹಿಡಿದ. “ಹೊಸದೇ ತಗಳಣ ಕಣವ್ವ. ನಾಕು ಚಕ್ರಾನೂ ಎಳೀತದೆ. ಹದಿನೈದು ದಿನಕ್ಕೆ ಕೊಡ್ತಾರಂತೆ.”

“ಎಷ್ಟು ಜನ ಕೂತ್ಕತಾರ್ಲಾ ಅದ್ರಲ್ಲಿ?”

“ಡ್ರೈವರ್ ಸೇರಿ ಒಂಬತ್ತು.”

“ಮಿಕ್ಕೋರ್ನ ನಿನ್ನ ತಲೆ ಮ್ಯಾಲೆ ಕೂರಿಸ್ಕಂಡೋಯ್ತೀಯ? ಹದಿನೈದು ದಿನ ರೈಟ್ರು ನಮ್ಮ ದಾರಿ ಕಾಯ್ತಾ ಕೂತಿರ್ತಾರಾ?”

ಭಾನುವಾರ ಕೃಷ್ಣರಾಜನಗರಕ್ಕೆ ಹೋದೆವು. ಹಳೇ ಗಾಡಿ ಮಾರುವವನೊಬ್ಬ ಹೆಗ್ಗಡದೇವನಕೋಟೆ ಕಡೆಯಿಂದ ಬಂದ ಜೀಪು ತೋರಿಸಿದ. ಹಿಂದೆ ಎದುರುಬದುರು ಉದ್ದನೆಯ ಸೀಟು. ಒತ್ತಿಕೊಂಡರೆ ಹನ್ನೆರಡಲ್ಲ, ಹದಿನಾಲ್ಕು ಜನ ಹಿಡಿಸುತ್ತಿದ್ದರು.

“ಕೋಟೆಲಿ ಶುಂಠಿ ಮೂಟೆ ಒತ್ತಿರೋ ಗಾಡಿ ಕಣವ್ವ, ಆನೆ ಇದ್ದಂಗದೆ. ಬ್ರೇಕೆಲ್ಲ ಹೊಸದು.”

“ಎತ್ತು ತಗಂಡ್ರೂ ಮೂರು ದಿನ ಉತ್ತು ನೋಡ್ತೀವಪ್ಪ, ಒಗ್ಗದಿದ್ರೆ ಹಿಂದಕ್ಕೆ ಹೊಡ್ಕಂಡು ಬತ್ತೀವಿ. ಇದ್ಕೂ ಅಂಗೇಯ.”

“ಇದೇನ್ ಉಳೋ ಎತ್ತಾ ಅವ್ವ?” ಎಂದು ನಕ್ಕ.

“ಒಪ್ಪಿದ್ರೆ ಮುಂಗಡ ಇಸ್ಕೊ. ಇಲ್ಲಾಂದ್ರೆ ನಿನ್ನ ಆನೆಗೆ ನೀನೇ ಕಬ್ಬು ತಿನ್ನಿಸ್ಕಂಡಿರು.”

ಒಪ್ಪಿದ. ಬರುವಾಗ ಹುಣಸೂರಿನಲ್ಲಿ ನಿಲ್ಲಿಸಿದೆವು. ನಮ್ಮ ಹಳೆಯ ಜೀಪನ್ನು ಇಷ್ಟು ವರ್ಷ ಬದುಕಿಸಿದ ಮೆಕ್ಯಾನಿಕ್ ಸಾಬರು ಅಲ್ಲಿದ್ದಾರೆ. ಗಾಡಿಯ ಅಡಿ ನುಗ್ಗಿ ಮಲಗಿ, ಒಂದೊಂದು ಚಕ್ರದ ಹಿಂದೆಯೂ ಬೆರಳಾಡಿಸಿ, ಬೆರಳು ಮೂಸಿ ನೋಡಿಕೊಂಡು ಎದ್ದರು.

“ಅಮ್ಮಾ, ಮೇಲೆ ಚೆನ್ನಾಗೈತೆ. ಒಳಗೆ ಹೇಗೈತೋ ಚಕ್ರ ಬಿಚ್ಚದೆ ಹೇಳಲ್ಲ. ಒಂದಿನ ಬಿಟ್ಟೋಗಿ.”

“ನಾಳೆ ಸೋಮ್ವಾರ ಸಾಬ್ರೇ. ಆಗಾಕಿಲ್ಲ.”

“ಹಾಗಾದ್ರೆ ಮೂಟೆ ತುಂಬಿ ಯಾವ್ದಾದ್ರೂ ಏರಿಗೆ ಹತ್ಸಿ ನೋಡಿ. ಜನ ಹತ್ತಿಸ್ಬೇಡಿ. ಮಾತು ಕೊಟ್ಟೋಗಿ.”

ಕೊಟ್ಟೆ. ಸಂಜೆ ನಾನೂ ಮಗನೂ ಹನ್ನೆರಡು ಚೀಲಕ್ಕೆ ಮರಳು ತುಂಬಿ ಕಟ್ಟೆಯ ಬಳಿ, ಜೀಪಿನ ಪಕ್ಕದಲ್ಲೇ ಒಟ್ಟಿಟ್ಟೆವು. ಐದಕ್ಕೆ ಎದ್ದು ಊರ ಕೆರೆಯ ಏರಿಯ ಮೇಲೆ ಹತ್ತಿಸಿ ನೋಡುವುದು, ಸರಿ ಕಂಡರೆ ಆರೂವರೆಗೆ ಹೆಂಗಸರನ್ನು ಕರೆಯುವುದು ಅಂತ ನನ್ನ ಲೆಕ್ಕ.

ಒಂದು ಮಾತು ಮರೆತಿದ್ದೆ. ನಮ್ಮಲ್ಲಿ ಮೊದಲ ದಿನ ಹಿಡಿದ ಸೀಟು ಆ ಗಾಡಿ ಇರುವ ತನಕ ಅವರದ್ದೇ. ಗಾಡಿ ಬದಲಾಯಿತೆಂದರೆ ಹಳೆಯ ಹಕ್ಕೆಲ್ಲ ಬಿದ್ದುಹೋಯಿತು, ಮತ್ತೆ ಹಿಡಿಯಬೇಕು. ಐದಕ್ಕೆ ನಾವು ಹೋಗುವಷ್ಟರಲ್ಲಿ ಹನ್ನೆರಡೂ ಜನ ಬುತ್ತಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಾಗಿತ್ತು.

“ಇಳೀರಿ. ಗಾಡಿ ನೋಡ್ಬೇಕು” ಎಂದೆ.

“ಇಳಿದ್ರೆ ನನ್ನ ಜಾಗಕ್ಕೆ ಇವಳು ಜರುಗ್ತಾಳೆ ಕಣಕ್ಕ. ನಾನಿಳಿಯಾಕಿಲ್ಲ” ಎಂದಳು ಮೂಲೆಮನೆಯವಳು.

“ನಿನ್ನ ಜಾಗ ಯಾರಿಗೆ ಬೇಕೇ? ನಿನ್ನ ಹಿಂಭಾಗ ಕೂತ ಕಡೆ ಕುಣಿಯೇ ಬಿದ್ದಿರ್ತದೆ” ಎಂದಳು ಪಕ್ಕದವಳು.

ನಕ್ಕರು, ಇಳಿಯಲಿಲ್ಲ. ಮಗ ನನ್ನ ಮುಖ ನೋಡಿದ. “ಅವ್ವ, ಸಾಬ್ರು ಹೇಳಿದ್ರು.” ಕೈಯಲ್ಲಿದ್ದ ಫೋನಿನಲ್ಲಿ ರೈಟರು ಆಗಲೇ ಎರಡು ಸಲ ಕರೆದಿದ್ದರು. ಮರಳಿನ ಚೀಲ ಅಲ್ಲೇ ಬಿದ್ದಿತ್ತು. “ಓಗನ ನಡಿಲಾ” ಎಂದವಳು ನಾನೇ.

ಡಾಂಬರು ಇರುವ ತನಕ ಜೀಪು ಮುದ್ದಾಗಿ ಓಡಿತು. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ. ತೋಟದೊಳಗೆ ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಅರ್ಧ ಏರಿನಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಒಂದು ಗಳಿಗೆ ಗಾಡಿ ಅಲ್ಲೇ ಇತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೊರಟಿತು.

“ಬ್ರೇಕ್ ಇಲ್ಲ ಕಣವ್ವ! ಕೊರಡು! ಕೊರಡು!”

ಕಾಲಡಿ ಕೈಯಾಡಿಸಿದರೆ ಬರೀ ಬುತ್ತಿ ಚೀಲಗಳು, ದಾರಿಯಲ್ಲಿ ತೊಡೆಯಿಂದ ಇಳಿಸಿ ಒಟ್ಟಿದ್ದವು. ಕೊರಡು ಅವುಗಳ ಅಡಿ ಸಿಕ್ಕಿಕೊಂಡಿತ್ತು. ಎಳೆದೆ. ಯಾರದ್ದೋ ಅನ್ನ ಚೆಲ್ಲಿತು. ಧುಮುಕಿ ಚಕ್ರಕ್ಕೆ ಕೊಟ್ಟೆ. ಕೆಸರಿನಲ್ಲಿ ಚಕ್ರ ಅದನ್ನೂ ತಳ್ಳಿಕೊಂಡೇ ಬಂತು. ಮಗ ಸ್ಟೇರಿಂಗು ತಿರುಗಿಸಿ ಹಿಂಭಾಗವನ್ನು ಇನ್ನೊಂದು ಪಕ್ಕದ ದಿಬ್ಬದ ಕಡೆಗೆ ತರಲು ಒದ್ದಾಡುತ್ತಿದ್ದ. ಇಳಿಜಾರಿನ ಅಂಚಿಗೆ ಒಂದು ಮಾರು ಉಳಿದಿತ್ತು. ಕೊರಡನ್ನು ಕಾಲಿನಿಂದ ಒದ್ದು ನೆಟ್ಟಗೆ ಮಾಡಿದೆ. ಚಕ್ರ ಅದರ ಮೇಲೆ ಅರ್ಧ ಹತ್ತಿ ನಿಂತಿತು.

ಕೆಳಗೆ ಕೆರೆಯ ನೀರು ಕಾಣುತ್ತಿತ್ತು.

“ಈಗ್ಲಾದ್ರೂ ಇಳೀರಿ” ಎಂದೆ.

ಒಬ್ಬೊಬ್ಬರೇ ಇಳಿದರು. ಎಣಿಸಿದೆ. ಹನ್ನೆರಡು. ಉಳಿದ ಏರನ್ನು ನಡೆದು ಹತ್ತಿ ಆ ದಿನದ ಹಣ್ಣು ಕೊಯ್ದೆವು. ಬಂದ ಮೇಲೆ ಸುಮ್ಮನೆ ಹೋಗಲಾಗುತ್ತದೆಯೇ?

ಸಂಜೆ ಜೀಪನ್ನು ಅಲ್ಲೇ ಬಿಟ್ಟು ಬಸ್ಸಿಗೆ ವಾಪಸಾದೆವು. ಮರುದಿನ ಸಾಬರು ತೋಟಕ್ಕೇ ಬಂದು ಚಕ್ರ ಬಿಚ್ಚಿದರು. ಬ್ರೇಕಿನ ಎಣ್ಣೆಯೆಲ್ಲ ಒಳಗೇ ಸೋರಿ ಚಕ್ರ ಹಿಡಿದು ನಿಲ್ಲಿಸುವ ಲೈನರ್ ನೆಂದುಹೋಗಿತ್ತು. ಬಯ್ಯುತ್ತಾರೆ ಅಂತ ಕಾದೆ.

“ಮಾತು ಕೊಟ್ಟಿದ್ರಿ ಅಮ್ಮಾ” ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಅವರು ರಿಪೇರಿ ಮಾಡಿಕೊಟ್ಟ ಮೇಲೆ ಮೂರನೆಯ ದಿನ ಜೀಪನ್ನು ಕೃಷ್ಣರಾಜನಗರಕ್ಕೆ ಹೊಡೆದುಕೊಂಡು ಹೋಗಿ ನಿಲ್ಲಿಸಿದೆವು. “ಎತ್ತು ಒಗ್ಗಲಿಲ್ಲ” ಎಂದೆ. ಮಾರುವವನು ಗೊಣಗಿದ, ಮುಂಗಡ ಹಿಂದಕ್ಕೆ ಕೊಟ್ಟ. ಅಲ್ಲಿಂದಲೇ ಮೈಸೂರಿಗೆ ಹೋಗಿ ಹೊಸದಕ್ಕೆ ಹೇಳಿ ಬಂದೆವು. ಹದಿನೈದು ದಿನ ಬಸ್ಸಿಗೆ ಹೋಗಿ ತೋಟದ ಕ್ರಾಸಿನಿಂದ ನಡೆದೆವು. ತಡವಾಗಿ ಹೋಗುತ್ತಿದ್ದುದಕ್ಕೆ ತೋಟದ ಮೇಲಿನ ಪಟ್ಟೆಯ ಕೊಯ್ಲನ್ನು ರೈಟರು ಬೇರೆ ಗ್ಯಾಂಗಿಗೆ ಕೊಟ್ಟರು. ಅದು ನನ್ನ ತಪ್ಪಿಗೆ ಹೋದದ್ದು.

ಹೊಸ ಗಾಡಿಯಲ್ಲಿ ನಾನು ಸೇರಿ ಎಂಟು ಜನ ಹೆಂಗಸರು. ಉಳಿದ ಐವರು ಬಸ್ಸಿನಲ್ಲಿ ಕ್ರಾಸಿಗೆ ಬರಬೇಕು, ಜೀಪು ಮತ್ತೆ ಇಳಿದು ಬಂದು ಹತ್ತಿಸಿಕೊಳ್ಳುತ್ತದೆ. ವಾರಕ್ಕೊಂದು ಸರದಿ. ಇನ್ನು ಯಾರ ಸೀಟೂ ಯಾರದ್ದೂ ಅಲ್ಲ ಎಂದಾಗ ಮೂಲೆಮನೆಯವಳು ಕಟ್ಟೆಯ ಮೇಲೆ ನಿಂತು ನನ್ನ ವಂಶವನ್ನೆಲ್ಲ ಜಾಲಾಡಿದಳು. ಉಳಿದವರೂ ದನಿ ಸೇರಿಸಿದರು.

“ಬಯ್ಯಾಕೆ ಬಾಯಿ ಉಳೀತಲ್ಲ, ಬಯ್ರಿ” ಎಂದೆ.

ನಾನು ಕೊರಡನ್ನು ಹೊಸ ಗಾಡಿಯೊಳಗೆ ಎತ್ತಿಟ್ಟೆ. ಈ ಸಲ ಬುತ್ತಿ ಚೀಲಗಳ ಮೇಲೆ.