ಪಂಚಮಿಗೆ ಹೊರಟ ಜೀಪು

ಹೋದ ವಾರ ನಮ್ಮ ಕಾರನ್ನು ರಿಪೇರಿಗೆ ಬಿಟ್ಟು ಗ್ಯಾರೇಜಿನಲ್ಲಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಹಳೆ ಪೇಪರಿನ ಮೇಲೆ ಯಾರದೋ ಗಾಡಿಯ ಟರ್ಬೋ ಬಿಚ್ಚಿಟ್ಟಿದ್ದರು. ಸುಟ್ಟ ಎಂಜಿನ್ ಆಯಿಲ್ಲಿನ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಂದಗಿಯ ನಮ್ಮ ಬಾಜೂಮನೆ ಕಾಕಾ ನೆನಪಾದರು. ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು.

ನಾನು ಮುದ್ದೇಬಿಹಾಳದವಳು. ಮದುವೆಯಾಗಿ ಸಿಂದಗಿಗೆ ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ನಮ್ಮ ಗೋಡೆಗೆ ಹತ್ತಿದ್ದೇ ಕಾಕಾನ ಮನೆ. ಅವರದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಅವರ ಕೈಗೇ ಬರುತ್ತಿದ್ದವು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮವರು ಅಂತ ಉಳಿದದ್ದು ಒಬ್ಬ ತಂಗಿ, ಬಾಗೇವಾಡಿ ಹತ್ತಿರದ ಇಂಗಳೇಶ್ವರಕ್ಕೆ ಕೊಟ್ಟಿದ್ದವರು. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಬಾಯಿತುಂಬ ತಂಗಿ ಎಂದು ಕರೆಯುವ ಮನುಷ್ಯ, ಸ್ವಂತ ತಂಗಿಯ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು.

ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಒಂದು ನಾಗರಪಂಚಮಿಗೆ ಕಾಕಾ ಯಾರದೋ ಟೆಂಪೋ ಕೇಳಿ ಇಸಿದುಕೊಂಡು ತಂಗಿಯನ್ನು ಕರೆಯಲು ಹೋಗಿದ್ದರಂತೆ. "ಮಂದಿ ಗಾಡಿ ತಂದು ಏನ್ ದಿಮಾಕ ಮಾಡ್ತಾನಪಾ," ಎಂದು ತಂಗಿಯ ಗಂಡನ ಮನೆಯ ಹಿರಿಯರೊಬ್ಬರು ನಾಲ್ಕು ಜನರೆದುರು ಚೇಷ್ಟೆ ಮಾಡಿದರು. "ಇನ್ನ ಬಂದ್ರ ನನ್ನ ಗಾಡ್ಯಾಗ ಬರ್ತೇನಿ, ಇಲ್ಲಾಂದ್ರ ಬರೂದಿಲ್ಲ," ಎಂದು ಕಾಕಾ ತಂಗಿಯನ್ನು ಅಲ್ಲೇ ಬಿಟ್ಟು ತಿರುಗಿ ಬಂದರು. ನಮ್ಮ ಕಡೆ ಅಣ್ಣತಮ್ಮಂದಿರು ಬಂದು ಕರೆಯದೆ ಹೆಣ್ಣುಮಗಳು ಪಂಚಮಿಗೆ ತವರಿಗೆ ಬರುವುದಿಲ್ಲ. ಅಣ್ಣ ಹೋಗಲಿಲ್ಲ, ತಂಗಿ ಬರಲಿಲ್ಲ. ಹಾಗೇ ವರ್ಷಗಳು ಕಳೆದವು.

ಆಮೇಲೆ ಕಾಕಾ ಒಂದು ಹಳೆ ಟರ್ಬೋ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದರು. ಅಂಗಡಿ ಮುಚ್ಚಿ ಬಂದವರು ಅದರ ಕೆಳಗೇ ಸಂಸಾರ ಹೂಡಿದ್ದರು. ಊಟಕ್ಕೆ ಕರೆದರೆ ಜೀಪಿನ ಅಡಿಯಿಂದ ಎರಡು ಕಾಲು ಅಲುಗಾಡುತ್ತಿದ್ದವು, ಅಷ್ಟೇ. ಬಾಡಿ, ಬ್ರೇಕು, ಸೀಟು ಎಲ್ಲ ಒಂದೊಂದಾಗಿ ನೆಟ್ಟಗಾದವು, ಕೈಕೊಟ್ಟದ್ದು ಟರ್ಬೋ. ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ಊದುವ, ಬಸವನಹುಳುವಿನ ಆಕಾರದ ಕಬ್ಬಿಣ ಅದು. ಜೀಪು ಶುರು ಮಾಡಿದರೆ ನೀಲಿ ಹೊಗೆ ಎದ್ದು ನಾನು ಒಣಹಾಕಿದ ಬಟ್ಟೆಗೆಲ್ಲ ವಾಸನೆ ಹತ್ತುತ್ತಿತ್ತು. ನಾನು ಗೊಣಗುತ್ತಿದ್ದೆ, ಕಾಕಾ ಕೇಳಿಸದವರಂತೆ ಇರುತ್ತಿದ್ದರು.

ಹೊಸದು ಸಿಗುವ ಮಾತಿರಲಿಲ್ಲ. ಸೊಲ್ಲಾಪುರದ ಗುಜರಿಯಿಂದ ಒಂದು ತಂದರು. ನೋಡಲು ಅವಳಿಜವಳಿ, ಕೂರಿಸಲು ಹೋದರೆ ಬೋಲ್ಟಿನ ತೂತುಗಳೇ ಹೊಂದಲಿಲ್ಲ. ಆಗ ಹಳೆಯದರ ಮೇಲಿದ್ದ ತಗಡಿನ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಾಗದವಿಟ್ಟು ಪೆನ್ಸಿಲ್ ತಿಕ್ಕಿ, ಸವೆದ ನಂಬರನ್ನು ಎಬ್ಬಿಸಿದರು. ಒಂದು ಅಂಕಿ ಮೂರೋ ಎಂಟೋ ತಿಳಿಯದೆ ನನ್ನನ್ನು ಕರೆದರು. ಎಂಟು ಅಂದೆ. ಆ ಕಾಗದ ಕಿಸೆಯಲ್ಲಿಟ್ಟುಕೊಂಡು ಮತ್ತೆ ಸೊಲ್ಲಾಪುರಕ್ಕೆ ಹೋಗಿ ಅದೇ ನಂಬರಿನದನ್ನು ಹುಡುಕಿ ತಂದರು. ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಅಲುಗಾಡಿಸಿ ನೋಡಿ, "ಇದರಾಗ ಇನ್ನೂ ಜೀವ ಐತಿ, ತಂಗಿ," ಎಂದರು. ಅಂದೇ ಇಂಗಳೇಶ್ವರಕ್ಕೆ ಹೇಳಿ ಕಳಿಸಿದರು, ಪಂಚಮಿಗೆ ಕರೆಯಲು ಬರುತ್ತೇನೆಂದು.

ನನ್ನಣ್ಣ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬಂದ ದಿನವೇ ಟರ್ಬೋ ಕೂತಿತ್ತು. ನೀಲಿ ಹೊಗೆ ಇಲ್ಲ, ಗಾಳಿಯ ಸಣ್ಣ ಸಿಳ್ಳು ಮಾತ್ರ. ಕಾಕಾ ಬಿಳಿ ಅಂಗಿ ತೊಟ್ಟರು. ಹೇಗೂ ಒಂದೇ ದಾರಿ ಎಂದು ಬಾಗೇವಾಡಿಯ ತನಕ ನಮ್ಮಿಬ್ಬರನ್ನೂ ಹತ್ತಿಸಿಕೊಂಡರು. ನಮ್ಮತ್ತೆ ಆ ತಂಗಿಗೆಂದು ಎಳ್ಳು-ಶೇಂಗಾದ ಉಂಡಿಯ ಡಬ್ಬಿ ಕಟ್ಟಿಕೊಟ್ಟರು. ದಾರಿಯುದ್ದ ಕಾಕಾ ಮಾತಾಡಿದ್ದೇ ಮಾತಾಡಿದ್ದು. ಚಿಕ್ಕಂದಿನಲ್ಲಿ ಜೋಕಾಲಿ ಜೋರಾಗಿ ಜೀಕಿ ತಂಗಿಯನ್ನು ಬೀಳಿಸಿದ್ದು, ಆಕೆ ಅವ್ವನಿಗೆ ಹೇಳದೆ ಉಳಿಸಿದ್ದು… ಅಷ್ಟು ಹಗುರಾಗಿ ಅವರನ್ನು ನಾನು ಕಂಡಿರಲಿಲ್ಲ.

ಹೂವಿನ ಹಿಪ್ಪರಗಿ ದಾಟಿದ ಮೇಲೆ ಆ ಸಿಳ್ಳು ಇದ್ದಕ್ಕಿದ್ದಂತೆ ಚೀರಾಟವಾಯಿತು. ಹಿಂದೆಲ್ಲ ಹೊಗೆ. ಕಾಕಾ ಜೀಪನ್ನು ಬದಿಗೆ ನಿಲ್ಲಿಸಿ, ಬಿಸಿ ಆರುವವರೆಗೆ ಕಾದು, ಟರ್ಬೋಗೆ ಆಯಿಲ್ ಒಯ್ಯುವ ಸಣ್ಣ ಪೈಪನ್ನು ಬಿಚ್ಚಿದರು. ಒಳಗೆ ಕರಿ ಕಿಟ್ಟ ಕಟ್ಟಿ ದಾರಿಯೇ ಮುಚ್ಚಿ, ಆಯಿಲ್ ಸಿಗದೆ ಟರ್ಬೋ ಕೆಟ್ಟಿತ್ತು. ಮೊದಲಿನ ಟರ್ಬೋವನ್ನು ಕೊಂದದ್ದೂ ಅದೇ. ನಂಬರು, ಬೋಲ್ಟು, ಚಕ್ರ ಎಲ್ಲ ನೋಡಿದ್ದ ಮನುಷ್ಯ ಹಳೆ ಪೈಪನ್ನು ಮಾತ್ರ ತೊಳೆಯದೆ ಹಾಗೇ ಜೋಡಿಸಿಬಿಟ್ಟಿದ್ದರು.

ಬಾಗೇವಾಡಿ ಬಸ್ಸು ಬಂತು. ಅಣ್ಣ ಕೈಮಾಡಿ ನಿಲ್ಲಿಸಿದ.

"ಬರ್ರಿ ಕಾಕಾ, ಬಸ್ಸಿಗೇ ಹೋಗೂಣು. ಅಕ್ಕಾರು ದಾರಿ ನೋಡಾಕತ್ತಿರ್ತಾರ," ಎಂದೆ.

"ಬಸ್ಸಿಗೆ ಹ್ಯಾಂಗ ಹೋಗ್ಲಿ, ತಂಗಿ? ಮಾತ ಕೊಟ್ಟೇನಿ."

"ಯಾರಿಗ್ರಿ? ಅಕ್ಕಾರಿಗೇನು?"

ಕಾಕಾ ಉಂಡಿಯ ಡಬ್ಬಿ ನನ್ನ ಕೈಗಿಟ್ಟು ಜೀಪಿನ ಕಡೆ ತಿರುಗಿದರು. ಬಸ್ಸು ಹೊರಟಿತು.

ನಾವೇ ಇಂಗಳೇಶ್ವರಕ್ಕೆ ಹೋದೆವು. ಆ ತಂಗಿ ಇಳಕಲ್ ಸೀರೆ ಉಟ್ಟು, ಬಟ್ಟೆಯ ಚೀಲ ತುಂಬಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ನಮ್ಮ ಹಿಂದಿನ ದಾರಿಯನ್ನೊಮ್ಮೆ ನೋಡಿ, "ನಾ ಗಾಡಿ ಕೇಳಿದ್ನೇನ್ರಿ ಅವಗ?" ಎಂದರು. ಡಬ್ಬಿ ಇಸಿದುಕೊಂಡರು. ಚೀಲ ಎತ್ತಿಕೊಂಡು ಒಳಗೆ ಹೋದರು.

ಮುಂದಿನ ಪಂಚಮಿಗೆ ಹೊಸ ಪೈಪು, ಇನ್ನೊಂದು ಟರ್ಬೋ ಎನ್ನುತ್ತಲೇ ಇದ್ದರು ಕಾಕಾ. ಆ ಪಂಚಮಿ ಅವರಿಗೆ ಬರಲಿಲ್ಲ. ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ ತಂಗಿ ಬಸ್ಸು ಹಿಡಿದು ಬಂದರು. ಎಳೆಸಿ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಜೀಪನ್ನು ಸುತ್ತುಹಾಕಿ ಒಳಗೆ ಬಂದು ಅಣ್ಣನ ತಲೆಯ ಹತ್ತಿರ ಕೂತು, ಮೆಲ್ಲಗೆ ಹೇಳಿದರು: "ಯಣ್ಣಾ, ಕರೀಲಾರದ ಬಂದೇನಿ ನೋಡೋ."

ಈಗ ಆ ತಂಗಿಯೂ ಇಲ್ಲ. ಗ್ಯಾರೇಜಿನವರು ಕಾರು ತಯಾರಾಯಿತೆಂದು ಎರಡು ಸಲ ಕರೆದ ಮೇಲೆ ಎದ್ದೆ. ಕಾಕಾನನ್ನು ನೆನೆದಾಗೆಲ್ಲ ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಅಷ್ಟು ಪ್ರೀತಿ ಇಟ್ಟುಕೊಂಡ ಮನುಷ್ಯನಿಗೆ ಒಂದು ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲವಲ್ಲ…