ಕೀಬೋರ್ಡ್ ಮುಟ್ಟದ ಟೈಪಿಂಗ್ ಮೇಡಂ

ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಒಳ್ಳೆ ಸೊಗಡಿನ ಕಾಯಿ ಸಿಕ್ಕಿತ್ತು. ಅಡುಗೆಮನೆ ತುಂಬ ಅದರದೇ ವಾಸನೆ, ಬೆರಳೆಲ್ಲ ಅಂಟಂಟು. ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಟಕ್ಕನೆ ಪಾತ್ರೆಗೆ ಹಾರುತ್ತದೆ. ಈ ಕೆಲಸಕ್ಕೆ ಕೂತಾಗಲೆಲ್ಲ ನನಗೆ ಒಬ್ಬರೇ ನೆನಪಾಗುವುದು. ಅವತ್ತೂ ಅವರನ್ನೇ ನೆನೆಸಿಕೊಂಡಿದ್ದೆನೋ ಏನೋ, ಅಷ್ಟರಲ್ಲಿ ಫೋನ್ ಬಂತು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ. ಕುಣಿಗಲ್ಲಿನಿಂದ, ಟೈಪಿಂಗ್ ಮೇಡಂ ಅವರ ತಂಗಿಯ ಮಗಳು.

"ಆಂಟಿ, ದೊಡ್ಡಮ್ಮ ಬೆಳಿಗ್ಗೆ ಹೋಗ್ಬಿಟ್ರು..."

ನರಳಲಿಲ್ಲವಂತೆ. ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರಂತೆ. ಶಿವ ಅಷ್ಟು ಕರುಣೆ ತೋರಿಸಿದ.

ಅವರು ಗುಬ್ಬಿಯ ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಟೈಪಿಂಗ್ ಶಾಲೆ ನಡೆಸುತ್ತಿದ್ದವರು. ಗುಬ್ಬಿ ಕಡೆಯ ಎಷ್ಟೋ ಗುಮಾಸ್ತರ ಬೆರಳು ಪಳಗಿದ್ದು ಅವರ ಕೈಕೆಳಗೆ. ಟೈಪ್‌ರೈಟರ್ ಕಾಲ ಮುಗಿಯಿತು ಅಂದಾಗ ಅವರು ಶಾಲೆ ಮುಚ್ಚಿ ಅಳುತ್ತಾ ಕೂರಲಿಲ್ಲ. ತಾವೇ ಕಂಪ್ಯೂಟರ್ ಕಲಿತು, ಹಳೆ ಮೆಷಿನ್‌ಗಳ ಜಾಗದಲ್ಲಿ ಅವನ್ನು ಇಟ್ಟು, ಇನ್ನೂ ಕೆಲವು ವರ್ಷ ಪಾಠ ಹೇಳಿದರು. ಆಮೇಲೆ ಸಾಕು ಅನ್ನಿಸಿ, ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ಮನೆಗೆ ಬಾಡಿಗೆಗೆ ಬಂದರು. ಒಂಟಿ ಜೀವ. ಕಾಂಪೌಂಡಿನ ಮೇಲಿಂದ ಕರಿಬೇವು, ಮಜ್ಜಿಗೆ, ಪ್ರಸಾದ ಕೊಟ್ಟು ತೆಗೆದುಕೊಳ್ಳುತ್ತಾ ಹತ್ತಿರವಾದರು.

ನಮ್ಮ ಮನೆಯಲ್ಲೂ ಆಗ ಒಂದು ಕಂಪ್ಯೂಟರ್ ಇತ್ತು. ಮಗಳ ಓದಿಗೆ ಅಂತ ತಂದದ್ದು. ಆದರೆ ನಿಜವಾಗಿ ಅದು ನಮ್ಮ ಅತ್ತೆಯವರದು. ಯಾಕೆ ಅಂದರೆ ಅದರೊಳಗೆ ಮಾವನವರ ದನಿ ಇತ್ತು. ಮಾವನವರು ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ನಮ್ಮ ಮನೆಯವರು ಸಣ್ಣದೊಂದು ಮೈಕ್ ತಂದು ಜಗಲಿಯಲ್ಲಿ ಕೂರಿಸಿ ಹಾಡಿಸಿದ್ದರು. ಹಾಡಿನ ನಡುವೆ ನಮ್ಮ ಕುಕ್ಕರಿನ ಸೀಟಿಯೂ ಕೇಳುತ್ತದೆ. ಒಂದು ಪದದ ಮಧ್ಯೆ ಮಾವನವರಿಗೆ ಕೆಮ್ಮು ಬರುತ್ತದೆ. ಹಾಡು ನಿಲ್ಲಿಸಿ, "ಸ್ವಲ್ಪ ನೀರ್ ಕೊಡೇ" ಅನ್ನುತ್ತಾರೆ. ಅದು ಅತ್ತೆಗೆ ಹೇಳಿದ್ದು.

ಅವರು ಹೋದ ಮೇಲೆ ಪ್ರತಿ ಸೋಮವಾರ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಅತ್ತೆ ಕಂಪ್ಯೂಟರ್ ಮುಂದೆ ಕೂರುವುದು ಪದ್ಧತಿಯಾಯಿತು. ಪಕ್ಕದಲ್ಲಿ ಒಂದು ಚೊಂಬು ನೀರು ಮೊದಲೇ ಇಟ್ಟಿರುತ್ತಿದ್ದರು. ಮಾವನವರು ನೀರು ಕೇಳಿದ ಕೂಡಲೇ ಆ ಚೊಂಬನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತಿದ್ದರು, ಅಷ್ಟೇ. ನೋಡಿದವರು ನಗಬಹುದು. ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಹೀಗಿರುವಾಗ ಅತ್ತೆಗೆ ಪಂಚಾಂಗದ ಹುಚ್ಚು ಹತ್ತಿತು. ಕಂಪ್ಯೂಟರಲ್ಲಿ ಪಂಚಾಂಗವೂ ಸಿಗುತ್ತದೆ ಅಂತ ಮಠಕ್ಕೆ ಬಂದವರು ಯಾರೋ ಹೇಳಿದ್ದರು. ಹಾಕಿಕೊಡು ಅಂತ ಮಗನ ಬೆನ್ನು ಬಿದ್ದರು. ನಮ್ಮ ಮನೆಯವರು ಇಂಟರ್‌ನೆಟ್‌ನಲ್ಲಿ ಹುಡುಕಿ, ಬಿಟ್ಟಿ ಸಿಕ್ಕ ಒಂದನ್ನು ಇಳಿಸಿದರು. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಬಂತು. ಅತ್ತೆ ಖುಷಿಯಾದರು.

ಮುಂದಿನ ಸೋಮವಾರ ಮಧ್ಯಾಹ್ನ ಕಂಪ್ಯೂಟರ್ ಹಾಕಿದರೆ ಪರದೆಯೆಲ್ಲ ಕೆಂಪು. ನಡುವೆ ದೊಡ್ಡದೊಂದು ಗುರಾಣಿಯ ಚಿತ್ರ. ನಿಮ್ಮ ಕಂಪ್ಯೂಟರಿಗೆ ವೈರಸ್ ಹತ್ತಿದೆ, ನಾನು ಕಾಪಾಡುತ್ತೇನೆ, ಕಾರ್ಡಿನ ನಂಬರ್ ಹಾಕಿ ಹಣ ಕಟ್ಟಿ ಅಂತ ಇಂಗ್ಲಿಷಿನಲ್ಲಿ. ಮಾವನವರ ಹಾಡು ಒತ್ತಿದರೆ, ಇದಕ್ಕೂ ರೋಗ ತಗುಲಿದೆ, ತೆರೆಯುವುದಿಲ್ಲ ಅಂದಿತು. ನಮ್ಮ ಮನೆಯವರು ಅದನ್ನು ಹಾಗೇ ಅತ್ತೆಗೆ ಹೇಳಿಬಿಟ್ಟರು.

ಅತ್ತೆ ಮುಖ ನೋಡಲಾಗಲಿಲ್ಲ. "ಅಲ್ಲ ಕಣ್ಲಾ, ಸತ್ತೋರಿಗೂ ಕಾಯ್ಲೆ ಬತ್ತದಾ?" ಅಂದರು.

ಶಿರಾ ಗೇಟಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಫೋನ್ ಮಾಡಿದೆವು. ಪಾಪ, ಅವರು ಸುಳ್ಳು ಹೇಳಲಿಲ್ಲ. ತಮಗೆ ಗೊತ್ತಿರುವ ದಾರಿ ಫಾರ್ಮ್ಯಾಟ್ ಒಂದೇ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಅಂದರು. ಹಾಡಿಗೆ ಬೇರೆ ನಕಲು ಎಲ್ಲೂ ಇರಲಿಲ್ಲ. ಅಳಿಸಿದರೆ ಮಾವನವರು ಎರಡನೆಯ ಸಲ ಹೋದ ಹಾಗೆ. ನಮ್ಮ ಮನೆಯವರು ಎದ್ದು ಪರ್ಸಿನಿಂದ ಎಟಿಎಂ ಕಾರ್ಡ್ ತೆಗೆದರು.

"ಒಂದ್ನಿಮಿಷ ತಡೀರಿ, ಹಿಂದಿನ್ಮನೆ ಮೇಡಂನ ಕೇಳ್ತೀನಿ" ಅಂತ ಓಡಿದೆ.

ಮೇಡಂ ಬಂದರು. ಪರದೆ ನೋಡಿದರು. ಕುರ್ಚಿ ಎಳೆದು ತಾವು ಪಕ್ಕದಲ್ಲಿ ಕೂತು, ಕಂಪ್ಯೂಟರ್ ಎದುರಿನ ಕುರ್ಚಿ ತೋರಿಸಿ ನನಗೆ "ಕೂತ್ಕೋ" ಅಂದರು. ನನಗೆ ಗಾಬರಿ. ನಾನು ಅದನ್ನು ಒರೆಸುತ್ತಿದ್ದವಳು, ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದವಳು. ಹಾಡು ಹಾಕುವುದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

"ನೀವೇ ಮಾಡಿ ಮೇಡಂ."

"ನಾನು ಮುಟ್ಟಲ್ಲ ಕಣಮ್ಮ. ಗುಬ್ಬೀಲೂ ನಾನು ಯಾರ ಮೆಷಿನ್ನೂ ಮುಟ್ತಿರ್ಲಿಲ್ಲ. ನನ್ ಕೈ ಕಲ್ತ್ರೆ ನಿನಗೇನ್ ಬಂತು?" ಅಂತ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಕೆಲಸ ಮುಗಿಯುವವರೆಗೂ ಆ ಕೈ ಕೀಬೋರ್ಡ್ ಕಡೆ ಹೋಗಲಿಲ್ಲ.

ಮೊದಲು ಇಂಟರ್‌ನೆಟ್ ವೈರ್ ಕೀಳಿಸಿದರು. ಅಷ್ಟರಲ್ಲಿ ಅತ್ತೆ ವಿಭೂತಿ ಗಟ್ಟಿ ತಂದು ಪರದೆಯ ನೆತ್ತಿಗೆ ಮೂರೆಳೆ ಎಳೆದರು. ಮೇಡಂ ಬೇಡ ಅನ್ನಲಿಲ್ಲ. "ಹಚ್ಚಿ ಅಮ್ಮಾರೆ. ಶಿವ ಅವನ ಕೆಲ್ಸ ಮಾಡ್ಲಿ, ನಿಮ್ ಸೊಸೆ ಅವಳ ಕೆಲ್ಸ ಮಾಡ್ಲಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಗಟ್ಟಿಯಾಗಿ ಓದು. ಓದಿ ಆದ್ಮೇಲೆ ಒತ್ತು. ಓದ್ದೆ ಏನೂ ಒತ್ಬೇಡ."

ಅದು ಅವರ ಪಾಠದ ರೀತಿ. ನಾನು ಕನ್ನಡ ಮೀಡಿಯಂ. ಅಕ್ಷರ ಅಕ್ಷರ ಕೂಡಿಸಿ ಇಂಗ್ಲಿಷ್ ಓದುತ್ತಿದ್ದರೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಹಿಂಗೋದಿದ್ರೆ ಶಿವರಾತ್ರಿ ಬತ್ತದೆ" ಅಂದರು. ಮೇಡಂ ಅವರತ್ತ ತಿರುಗಿಯೂ ನೋಡಲಿಲ್ಲ. ಯಾವ ಫೈಲಿನಲ್ಲಿ, ಯಾವ ಡ್ರೈವಿನಲ್ಲಿ ವೈರಸ್ ಇದೆ ಅಂತ ಆ ಕೆಂಪು ಪರದೆ ಉದ್ದಕ್ಕೆ ಪಟ್ಟಿ ಕೊಟ್ಟಿತ್ತು. ಓದುತ್ತಾ ಓದುತ್ತಾ 'ಜಿ ಡ್ರೈವ್' ಅಂತ ಬಂತು.

"ನಿಮ್ ಕಂಪ್ಯೂಟರಲ್ಲಿ ಜಿ ಡ್ರೈವ್ ಇದೆಯಾ?" ಅಂದರು.

ಅವರು ಹೇಳಿದ ಜಾಗ ತೆರೆದು ನೋಡಿದೆ. ಹಾಗೊಂದು ಇರಲೇ ಇಲ್ಲ.

"ನೋಡ್ದಾ? ಮನೇಲಿಲ್ದೇ ಇರೋ ಕೋಣೇಲಿ ಹಾವು ಕಂಡಿದೆ ಈ ಪುಣ್ಯಾತ್ಮನಿಗೆ. ಹೆದ್ರಿಸೋನೂ ಇವ್ನೇ, ಹಿಡಿಯೋಕೆ ಬರ್ತೀನಿ ಅನ್ನೋನೂ ಇವ್ನೇ."

ನಮ್ಮ ಮನೆಯವರು ಕಾರ್ಡನ್ನು ಮೆಲ್ಲಗೆ ಪರ್ಸಿಗೆ ಸೇರಿಸಿದ್ದನ್ನು ನಾನು ಓರೆಗಣ್ಣಲ್ಲಿ ನೋಡಿದೆ.

ಆಮೇಲೆ ಕಂಪ್ಯೂಟರ್ ಆರಿಸಿ ಮತ್ತೆ ಹಾಕಬೇಕು, ಪರದೆ ಇನ್ನೂ ಕಪ್ಪಗಿರುವಾಗಲೇ ಎಫ್ ಎಂಟು ಅನ್ನುವ ಕೀಲಿ ಒತ್ತಬೇಕು ಅಂದರು. ಒತ್ತಿ ಹಿಡಿದೆ. ಮತ್ತೆ ಅದೇ ಕೆಂಪು. ಎರಡನೆಯ ಸಲ, ಸರಿಯಾಗಿ ಒತ್ತುವ ಹೊತ್ತಿಗೆ ಅತ್ತೆ "ಬಂತೇನೇ?" ಅಂದರು, ಕೈ ತಪ್ಪಿತು. ನನ್ನ ಕಣ್ಣಲ್ಲಿ ನೀರು ಬಂತು. ಮೇಡಂ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. "ಅವರೆ ಹಿತುಕ್ತೀಯಲ್ಲ, ಅದುಮಿ ಹಿಡ್ಕೊಂಡ್ರೆ ನುಜ್ಜಾಗಲ್ವಾ? ಟಕ್ ಟಕ್ ಟಕ್ ಅಂತ ಒಂದೇ ಸಮ ಒತ್ತಬೇಕು. ಹಂಗೇ ಇದೂನೂ."

ಅವರೆ ಹಿತುಕುವುದು ನನಗೆ ಬಾರದ ವಿದ್ಯೆಯೇ... ಟಕ್ ಟಕ್ ಟಕ್ ಅಂತ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಬಂದವು. ಓದಿದೆ. ಸೇಫ್ ಮೋಡ್ ಅನ್ನುವುದನ್ನು ಆರಿಸು ಅಂದರು. ಹಾಗಂದರೆ ಏನು ಅಂತ ಕೇಳಿದೆ.

"ಪೂಜೆಗೆ ಕೂತಂಗೆ ಅಂದ್ಕೋ. ಬೇಕಾದೋರು ಮಾತ್ರ ಒಳಗೆ. ಮಿಕ್ಕೋರೆಲ್ಲ ಬಾಗ್ಲಾಚೆ."

ನಿಜಕ್ಕೂ ಆ ಕೆಂಪು ಗುರಾಣಿ ಒಳಗೆ ಬರಲಿಲ್ಲ. ಬೇರೆ ಏನು ಮಾಡುವುದಕ್ಕೂ ಮೊದಲು ಹಾಡುಗಳನ್ನು ಪೆನ್ ಡ್ರೈವಿಗೆ ಇಳಿಸು ಅಂತ ತಮ್ಮದನ್ನು ಮೇಜಿನ ಮೇಲಿಟ್ಟರು. ಚುಚ್ಚಿದ್ದೂ ನಾನೇ. ಹಸಿರು ಗೆರೆ ನಿಧಾನಕ್ಕೆ ಮುಂದೆ ಹೋಗುತ್ತಿತ್ತು. ಅರ್ಧ ದಾರಿಯಲ್ಲಿ ಕರೆಂಟ್ ಹೋಯಿತು.

ನಮ್ಮ ಯುಪಿಎಸ್‌ಗೆ ವಯಸ್ಸಾಗಿತ್ತು. ಕುಂಯ್ ಕುಂಯ್ ಅಂತ ಕೂಗಲು ಶುರುಮಾಡಿತು. ಎಷ್ಟು ಹೊತ್ತು ತಡೆಯುತ್ತದೋ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯವರು ಏನೋ ಹೇಳಲು ಬಾಯಿ ತೆಗೆದರೆ ಮೇಡಂ ಕಣ್ಣಲ್ಲೇ ಸುಮ್ಮನಿರಿಸಿದರು. ಅತ್ತೆ ದೇವರ ಮುಂದೆ ಹೋಗಲಿಲ್ಲ, ಕಂಪ್ಯೂಟರ್ ಮುಂದೆಯೇ ಕೈ ಮುಗಿದು ನಿಂತರು. ನಾನು ಶಿವ ಶಿವ ಅನ್ನುತ್ತಾ ಆ ಗೆರೆಯನ್ನೇ ನೋಡುತ್ತಿದ್ದೆ. ಗೆರೆ ತುದಿ ಮುಟ್ಟಿತು. ಕೊನೆಗೆ ಏನು ಒತ್ತಿ ಪೆನ್ ಡ್ರೈವ್ ತೆಗೆಯಬೇಕು ಅನ್ನುವುದನ್ನೂ ಓದಿಸಿ, ಆಮೇಲೆಯೇ ತೆಗೆಸಿದರು. ತೆಗೆದು ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಷ್ಟರಲ್ಲಿ ಯುಪಿಎಸ್ ಕೂಗು ನಿಂತಿತು, ಪರದೆ ಆರಿತು. ಆ ಸ್ವಲ್ಪ ಹೊತ್ತು ತಡೆದದ್ದು ಯಾರ ಪುಣ್ಯವೋ, ಈಗಲೂ ನಾನು ಆ ಹಳೆ ಡಬ್ಬವನ್ನು ನೆನೆಸಿ ಶಿವನಿಗೆ ಕೈ ಮುಗಿಯುತ್ತೇನೆ.

ಮಿಕ್ಕ ಕೆಲಸ ಮಾರನೆಯ ದಿನ ಬೆಳಿಗ್ಗೆ, ಮತ್ತೆ ಸೇಫ್ ಮೋಡ್‌ನಲ್ಲೇ. ಕಂಪ್ಯೂಟರ್ ಎದ್ದಾಗ ಅದರ ಜೊತೆಗೇ ಏನೇನು ಏಳುತ್ತದೆ ಅನ್ನುವ ಪಟ್ಟಿ ತೆಗೆಸಿದರು. ಒಂದೊಂದೇ ಓದಿದೆ. ಒಂದು ಮಾತ್ರ ಮಗು ಕೈಯಾಡಿಸಿದ ಹಾಗೆ ಅರ್ಥವಿಲ್ಲದ ಅಕ್ಷರ. "ನಿಲ್ಲು" ಅಂದರು. ಅದರ ಮುಂದಿನ ಗುರುತು ತೆಗೆಸಿ, ಅದು ಅಡಗಿದ್ದ ಜಾಗ ಹುಡುಕಿಸಿ, ನನ್ನ ಕೈಯಿಂದಲೇ ಅಳಿಸಿದರು. ಅದು ಬಂದ ದಿನವೂ ಪಂಚಾಂಗ ಬಂದ ದಿನವೂ ಒಂದೇ ಅಂತ ಅಲ್ಲೇ ಬರೆದಿತ್ತು. ಪಂಚಾಂಗವನ್ನೂ ತೆಗೆದೆವು.

"ಪಂಚಾಂಗದ ಜೊತೆಗೆ ರಾಹುನೂ ಕಳಿಸವ್ನಲ್ಲೇ, ಮನೆಹಾಳ" ಅಂದರು ಅತ್ತೆ. ಮೇಡಂ ನಕ್ಕದ್ದು ಆಗಲೇ. ಕೊನೆಗೆ ಅವರು ತಮ್ಮ ಮನೆಯಿಂದ ಇನ್ನೊಂದು ಪೆನ್ ಡ್ರೈವಿನಲ್ಲಿ ತಂದಿದ್ದ ನಿಜವಾದ ಆಂಟಿವೈರಸ್ ಹಾಕಿ ನೋಡಿಸಿದರು. ಅದು ಗಡಿಬಿಡಿ ಮಾಡದೆ, ಮಧ್ಯಾಹ್ನದ ಅಡುಗೆ ಮುಗಿಯುವ ತನಕ ಮೂಲೆಮೂಲೆ ಹುಡುಕಿ, ಇನ್ನೇನೂ ಇಲ್ಲ ಅಂದಿತು.

ಅವತ್ತು ಸೋಮವಾರವಲ್ಲ. ಆದರೂ ಸಂಜೆ ಹಾಡು ಹಾಕಿದೆವು. ಮಾವನವರು ಕೆಮ್ಮಿದರು, ನೀರು ಕೇಳಿದರು. ಅತ್ತೆ ಚೊಂಬು ಸರಿಸಿ, ಮೇಡಂ ಕೈ ಹಿಡಿದುಕೊಂಡರು. ಮೇಡಂ ಕೈ ಬಿಡಿಸಿಕೊಂಡು, "ನಾನು ಮುಟ್ಟೇ ಇಲ್ಲ ಅಮ್ಮಾರೆ. ತೆಗ್ದಿದ್ದು ನಿಮ್ ಸೊಸೆ" ಅಂದರು. ಅತ್ತೆ ಆ ವಾರವಿಡೀ ಬಂದವರಿಗೆಲ್ಲ ಅದನ್ನೇ ಹೇಳಿದರು. ಹಾಲಿನವನಿಗೂ ಹೇಳಿದರು. ಮದುವೆಯಾಗಿ ಬಂದಾಗಿನಿಂದ ನನ್ನ ಸಾರಿಗೆ ಉಪ್ಪು ಹೆಚ್ಚು ಕಡಿಮೆ ಅಂತಲೇ ಹೇಳಿದ್ದವರು. ಹೆಮ್ಮೆ ಪಡಬಾರದು ಅಂತಾರೆ ಹಿರಿಯರು. ನಾನು ಪಟ್ಟೆ. ಈಗಲೂ ಪಡುತ್ತೇನೆ.

ಕೆಲವು ತಿಂಗಳಾದ ಮೇಲೆ ಊರ್ಡಿಗೆರೆಯ ನಮ್ಮ ನಾದಿನಿ ಮನೆಯ ಕಂಪ್ಯೂಟರಿಗೂ ಅಂಥದ್ದೇ ಕೆಂಪು ಗುರಾಣಿ ಬಂತು. ಅತ್ತೆ ನನ್ನ ಹೆಸರೇ ಹೇಳಿ ಕಳಿಸಿದರು. ಬ್ಯಾಗಿನಲ್ಲಿ ಪೆನ್ ಡ್ರೈವ್ ಇಟ್ಟುಕೊಂಡು ಬಸ್ ಹತ್ತಿದೆ. ಅಲ್ಲಿ ಹೋಗಿ ನಾದಿನಿಯನ್ನು ಕಂಪ್ಯೂಟರ್ ಎದುರು ಕೂರಿಸಿದೆ. "ಅಯ್ಯೋ, ನೀವೇ ಮಾಡಿ ಅತ್ತಿಗೆ" ಅಂದಳು. ನನಗೆ ಗೊತ್ತಿಲ್ಲದ ಹಾಗೆ ನನ್ನ ಎರಡೂ ಕೈ ಮಡಿಲು ಸೇರಿದ್ದವು. ಬಂದು ಮೇಡಂಗೆ ಹೇಳಿದೆ. ಕಾಂಪೌಂಡಿನಾಚೆಯಿಂದ ಒಂದು ಹಿಡಿ ಕರಿಬೇವು ಕಿತ್ತು ಕೊಟ್ಟರು. ಸರ್ಟಿಫಿಕೇಟ್ ಕೊಟ್ಟ ಹಾಗಿತ್ತು.

ಮಂಡಿನೋವು ಹೆಚ್ಚಾದ ಮೇಲೆ ಅವರು ಕುಣಿಗಲ್ಲಿನ ತಂಗಿಯ ಮನೆ ಸೇರಿದರು. ಹಬ್ಬಕ್ಕೆ ಫೋನ್ ಮಾಡಿದರೆ ಮೊದಲ ಮಾತು, "ಓದಿ ಒತ್ತುತಿದೀಯಾ?" ನಮ್ಮ ಕಂಪ್ಯೂಟರ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಹಾಡುಗಳು ಈಗ ನನ್ನ ಫೋನಿನಲ್ಲಿವೆ, ಮಗಳ ಫೋನಿನಲ್ಲೂ ಇವೆ. ಕರೆಂಟ್ ಕಟ್ಟಾಗುತ್ತದೆ, ಬ್ಯಾಂಕ್ ಖಾತೆ ನಿಲ್ಲುತ್ತದೆ ಅಂತ ಬರುವ ಮೆಸೇಜುಗಳನ್ನು ನಾನು ಬಸ್ಸಿನಲ್ಲಿದ್ದರೂ ಗಟ್ಟಿಯಾಗಿ ಓದುತ್ತೇನೆ. ಮಗಳು ನಾಚಿಕೆಯಿಂದ ಕಿಟಕಿ ಕಡೆ ತಿರುಗುತ್ತಾಳೆ. ತಿರುಗಲಿ.

ಮಾವನವರ ದನಿ ಉಳಿಸಿಕೊಟ್ಟವರ ದನಿಯನ್ನು ಹಿಡಿದಿಡಬೇಕು ಅಂತ ನಮಗೆ ಯಾರಿಗೂ ತೋಚಲಿಲ್ಲ... ಕೈಯಲ್ಲೇ ಫೋನ್ ಇತ್ತು, ಒಂದು ಸಲ ಒತ್ತಿದ್ದರೆ ಸಾಕಿತ್ತು. ಇರುತ್ತಾರೆ ಅಂದುಕೊಂಡಿದ್ದೆವು.

ಅತ್ತೆಗೆ ಈಗ ಕಿವಿ ಮಂದ. ಹತ್ತಿರ ಹೋಗಿ ಸುದ್ದಿ ಹೇಳಿದೆ. "ನಿಮ್ ಮಾವ್ನೋರ್ ಪದ ಹಾಕೇ" ಅಂದರು. ಅವತ್ತೂ ಸೋಮವಾರವಲ್ಲ. ನಾನು ಕೈ ತೊಳೆದುಕೊಂಡು, ಫೋನಿನಲ್ಲಿ ಹೆಸರು ಓದಿ, ಒತ್ತಿ, ಅವರ ಕಿವಿಯ ಹತ್ತಿರ ಇಟ್ಟೆ. ಚೊಂಬಿಗೆ ನೀರು ತುಂಬಿ ತಂದೆ. ಜೊತೆಗೆ ಇನ್ನೊಂದು ಲೋಟ ತಾ ಅಂದರು ಅತ್ತೆ. ಅದು ಮೇಡಂ ಪಾಲಿನದು. ತಂದು ಚೊಂಬಿನ ಪಕ್ಕ ಇಟ್ಟೆ.

ಕುಣಿಗಲ್ ಬಸ್ ಹಿಡಿಯುವುದರೊಳಗೆ ಅತ್ತೆಗೆ ಸಾರು ಮಾಡಿಟ್ಟು ಹೋಗಬೇಕಿತ್ತು. ಮಾವನವರು ಒಳಗೆ ಹಾಡುತ್ತಿದ್ದರು. ನಾನು ಅವರೆಕಾಳಿನ ಮುಂದೆ ಕೂತು, ಉಳಿದದ್ದನ್ನು ಒಂದೇ ಸಮ ಹಿತುಕತೊಡಗಿದೆ.