ಅಕ್ಕನ ಹದಿನೇಳನೇ ದಿನ

ನಾನು ಪಾಠ ಮಾಡುವ ಕೋಲಾರದ ಶಾಲೆಯ ಮೈದಾನದಲ್ಲಿ ಕ್ರೀಡಾಕೂಟಕ್ಕೆ ಗೆರೆ ಹಾಕುತ್ತಿದ್ದರು. ಪಿ.ಟಿ. ಮೇಷ್ಟ್ರು ಉದುರಿಸುತ್ತಿದ್ದ ಸುಣ್ಣದ ಪುಡಿಯ ಘಾಟು ಸ್ಟಾಫ್ ರೂಮಿನವರೆಗೂ ಬಂತು. ಒಳಗೆ ಬರುವ ವರ್ಷದ ಮಾತು ನಡೆದಿತ್ತು. ಟಿ-20 ಕ್ರಿಕೆಟ್ ವಿಶ್ವಕಪ್, ಫುಟ್‌ಬಾಲ್ ವಿಶ್ವಕಪ್, ಏಷ್ಯನ್ ಗೇಮ್ಸ್, ಎಲ್ಲವೂ ಒಂದೇ ವರ್ಷ. ಯಾವುದಕ್ಕೆ ರಜೆ ಉಳಿಸಿಕೊಳ್ಳುವುದು ಅಂತ ಗಣಿತದ ಮೇಷ್ಟ್ರಿಗೆ ಆಗಲೇ ಚಿಂತೆ ಹತ್ತಿತ್ತು. ಸುಣ್ಣದ ವಾಸನೆ ಬಂದರೆ ನನಗೆ ಮೈದಾನ ನೆನಪಾಗುವುದಿಲ್ಲ. ಪಕ್ಕದ ಮನೆಯ ಅಕ್ಕನ ರೇಷ್ಮೆ ಹುಳುವಿನ ಮನೆ ನೆನಪಾಗುತ್ತದೆ...

ನಾನು ಕೋಲಾರ ಪೇಟೆಯಿಂದ ಹುತ್ತೂರಿಗೆ ಸೊಸೆಯಾಗಿ ಬಂದ ಹೊಸತು. ಅಕ್ಕನಿಗೆ ಆಗಲೇ ಐವತ್ತು ದಾಟಿತ್ತು, ಬೀದಿಗೆಲ್ಲ ಅಕ್ಕ. ಹೊಸ ಕ್ಯಾಲೆಂಡರ್ ಬಂದರೆ ಎಲ್ಲರೂ ಹಬ್ಬ, ಅಮಾವಾಸ್ಯೆ ಹುಡುಕುತ್ತಿದ್ದರು. ಅಕ್ಕ ಪೇಪರಿನಿಂದ ಕತ್ತರಿಸಿಟ್ಟ ಪಂದ್ಯಗಳ ಪಟ್ಟಿ ಹಿಡಿದು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು. ಸುತ್ತು ಹಾಕಿದ ದಿನದಿಂದ ಹಿಂದಕ್ಕೆ ಹದಿನೇಳು ಎಣಿಸಿ ಇನ್ನೊಂದು ಸುತ್ತು.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದಕ್ಕೆ ಹಾಕಿದರಾಯಿತು. ನಾಲ್ಕನೇ ಜ್ವರ ಬರುವುದು ಸುಮಾರು ಹದಿನೇಳನೇ ದಿನಕ್ಕೆ, ಒಂದು ಹಗಲಿಗೂ ಮೀರಿ ಇರುತ್ತದೆ. ಹುಳು ಸಾಕುವ ಹೆಂಗಸು ಊರು ಬಿಟ್ಟು ಹೋಗಬಹುದಾದರೆ ಆ ಒಂದು ದಿನ. ಆದ್ದರಿಂದ ಅಕ್ಕನ ಮನೆಯಲ್ಲಿ ಹುಳು ಯಾವಾಗ ಮೊಟ್ಟೆಯೊಡೆಯಬೇಕು ಅನ್ನುವುದನ್ನು ಪಂದ್ಯಗಳೇ ನಿರ್ಧರಿಸುತ್ತಿದ್ದವು. "ಮುಂದಿನ ಸಲ ಹುಳಕ್ಕೂ ಒಂದು ಟಿಕೆಟ್ ತೆಗ್ಸು" ಅಂತ ಅವರ ಯಜಮಾನರು ರೇಗಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಸುತ್ತು ಏಷ್ಯನ್ ಗೇಮ್ಸ್‌ನ ಹುಡುಗಿಯರ ರಿಲೇಗೆ. ಶಾಲೆಯಲ್ಲಿದ್ದಾಗ ಅಕ್ಕ ರಿಲೇ ತಂಡದಲ್ಲಿ ಮೂರನೆಯವರು. ಕೋಲಾರದಲ್ಲಿ ಜಿಲ್ಲಾ ಮಟ್ಟದ ಓಟ. ಎರಡನೆಯವಳು ಕೊಟ್ಟ ಕೋಲು ಅಕ್ಕನ ಕೈಯಿಂದ ಜಾರಿತು. ಆ ಬೇಸಿಗೆಯಲ್ಲೇ ಮದುವೆಯಾಯಿತು, ಮತ್ತೆ ಓಡಲಿಲ್ಲ. "ತಿರುಗಿ ನೋಡ್ದೆ ಕಣಮ್ಮ, ಅದಕ್ಕೇ ಬಿತ್ತು. ನೋಡ್ದೆ ಕೈ ಚಾಚ್ಬೇಕು" ಅನ್ನುತ್ತಿದ್ದರು. ನಾನು ಬಂದ ವರ್ಷದ ಗೇಮ್ಸ್‌ಗೆ ಆ ಹಳೆಯ ತಂಡದ ನಾಲ್ವರೂ ಮುಳಬಾಗಿಲಿನ ಗೆಳತಿಯ ಮನೆಯಲ್ಲಿ ಸೇರಿ ಓಟ ನೋಡುವುದೆಂದು ಮಾತಾಗಿತ್ತು. ಶಾಲೆ ಬಿಟ್ಟ ಮೇಲೆ ನಾಲ್ವರೂ ಒಟ್ಟಿಗೆ ಕೂತೇ ಇರಲಿಲ್ಲವಂತೆ.

ಲೆಕ್ಕ ಸರಿಯಾಗಿಯೇ ಕೂಡಿಬಂತು. ಓಟದ ದಿನ ಬೆಳಿಗ್ಗೆ ಹುಳುಗಳೆಲ್ಲ ಜ್ವರದಲ್ಲಿದ್ದವು. "ಇರುವೆ ಬಂತಾ ಅಂತ ನೋಡ್ತಿರು, ಅಷ್ಟೇ" ಎಂದು ನನಗೆ ಹೇಳಿ ಅಕ್ಕ ಸ್ನಾನಕ್ಕೆ ಹೋದರು. ನಾನು ನೋಡಿದೆ. ಅಲ್ಲೊಂದು ಇಲ್ಲೊಂದು ಹುಳು ಎದ್ದು ತಲೆ ಆಡಿಸುತ್ತಿತ್ತು. ಪಾಪ, ಹಸಿದಿವೆ ಅನ್ನಿಸಿತು. ಮೂಲೆಯ ಬುಟ್ಟಿಯಿಂದ ಸೊಪ್ಪು ತೆಗೆದು ಹುಳುವಿದ್ದ ಎಲ್ಲ ತಟ್ಟೆಗಳಿಗೂ ಹರಡಿದೆ. ಎಲ್ಲವೂ ಏಳುವ ಮುಂಚೆ ಸೊಪ್ಪು ಹಾಕಬಾರದೆಂದು ಪೇಟೆಯವಳಿಗೆ ಏನು ಗೊತ್ತು!

ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಬ್ಯಾಗು ಹಿಡಿದು ಬಂದರು. ತಟ್ಟೆ ನೋಡಿದರು. ಎದ್ದವು ತಿನ್ನುತ್ತಿದ್ದವು, ಏಳದವು ಸೊಪ್ಪಿನಡಿ ಮುಚ್ಚಿಹೋಗಿದ್ದವು. ಹಾಗೇ ಬಿಟ್ಟರೆ ಅಡಿಯಲ್ಲಿದ್ದವು ಸಾಯುತ್ತವೆ. ಒಂದೊಂದನ್ನೂ ಕೈಯಲ್ಲೇ ಬೇರೆ ಮಾಡಬೇಕು, ಹೊತ್ತು ಮುಳುಗುವವರೆಗೂ ಕೆಲಸ.

"ಪೋನೀ ಲೇ, ಹೋಗ್ಲಿ ಬಿಡಮ್ಮ. ಹಸಿದಿದೆ ಅಂತ ತಾನೆ ನೀನು ಹಾಕಿದ್ದು" ಎಂದರು. ಬ್ಯಾಗನ್ನು ಮೊಳೆಗೆ ನೇತುಹಾಕಿ, ಸೆರಗು ಸಿಕ್ಕಿಸಿ, ಮುಳಬಾಗಿಲಿಗೆ ಫೋನು ಮಾಡಿದರು. "ನನ್ನ ಲೆಕ್ಕ ತಪ್ಪೋಯ್ತು ಕಣೇ. ಹುಳ ಬೇಗ ಎದ್ಬಿಟ್ವು." ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಸಂಜೆ ಗೆಳತಿಯರೇ ಫೋನು ಮಾಡಿದರು. ಅಕ್ಕನ ಎರಡೂ ಕೈ ತಟ್ಟೆಯಲ್ಲಿದ್ದುದರಿಂದ ನಾನೇ ಫೋನನ್ನು ಕಿವಿಗೆ ಹಿಡಿದೆ. ಆ ಕಡೆ ಮೂವರೂ ಒಟ್ಟಿಗೆ ಕಿರುಚುತ್ತಿದ್ದರು. ಅಕ್ಕ ಕೇಳಿದ್ದು ಒಂದೇ.

"ಮೂರನೆಯವಳ ಕೈಲಿ ಬಿತ್ತಾ?"

"ಇಲ್ಲ ಕಣೇ, ತಗೊಂಡ್ಳು!"

ಯಾವ ಪದಕ ಬಂತೋ, ಬರಲಿಲ್ಲವೋ, ನನಗೆ ನೆನಪಿಲ್ಲ. ಆಮೇಲೆ ಮೊಬೈಲಿನಲ್ಲಿ ತೋರಿಸುತ್ತೇನೆ ಅಂದೆ. "ಬೀಳಲ್ಲ ಅಂತ ಗೊತ್ತಾದ್ಮೇಲೆ ನೋಡೋದೇನಮ್ಮ? ಮುಂದಿನ ಗೇಮ್ಸ್ ಬರುತ್ತಲ್ಲ" ಎಂದರು ಅಕ್ಕ.

ಮುಂದಿನದು ಬರುವುದಕ್ಕೆ ಮುಂಚೆ ಅಕ್ಕ ಹೋದರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಹುಳುವಿನ ಮನೆಯಲ್ಲಿ ಈಗ ಅವರ ಮಗ ಬೈಕು ನಿಲ್ಲಿಸುತ್ತಾನೆ. ಕೋಲಾರದ ಬಸ್ಸು ಹಿಡಿಯಲು ದಿನಾ ಅದರ ಮುಂದೆಯೇ ಹೋಗುತ್ತೇನೆ, ಈಚೆಗೆ ತಿರುಗಿ ನೋಡುವುದನ್ನೂ ಬಿಟ್ಟಿದ್ದೆ.

ಸುಣ್ಣದ ವಾಸನೆ ಬಂದ ದಿನವೇ ಸಂಜೆ ಮುಳಬಾಗಿಲಿನ ಗೆಳತಿಗೆ ಫೋನು ಮಾಡಿದೆ. ಬರುವ ವರ್ಷದ ರಿಲೇಗೆ ಮೂವರೂ ಸೇರುತ್ತಾರಂತೆ. "ನೀನೂ ಬಾಮ್ಮ, ಮೂರನೇ ಜಾಗ ಖಾಲಿ ಇದೆ" ಅಂದರು. ಆಮೇಲೆ ನಕ್ಕು, "ಅಷ್ಟು ವರ್ಷ ಹುಳ ಸಾಕಿದೋಳು, ಆವತ್ತೇ ಲೆಕ್ಕ ತಪ್ಪಿಸ್ಕೊಂಡ್ಳು ನೋಡು" ಅಂದರು.

ಬರ್ತೀನಿ ಅಂದೆ. ಫೋನಿನಲ್ಲಿ ಹೇಳಲು ಆಗಲಿಲ್ಲ. ಮುಳಬಾಗಿಲಿಗೆ ಹೋದಾಗ, ಓಟ ಶುರುವಾಗುವ ಮುಂಚೆಯೇ ಹೇಳಬೇಕು, ಅಕ್ಕನ ಲೆಕ್ಕ ತಪ್ಪಿರಲಿಲ್ಲ ಅಂತ.